ಗೊಜ್ಜಿಗೆ ಒದಗುವ ಬಟಾಟೆ

ನಮ್ಮ ವೇಣೂರಿನ ಕಡೆ ಆಲೂಗಡ್ಡೆಯೆಂಬುದು ಪಠ್ಯಪುಸ್ತಕದ ಪದ. ಬಾಯಿಗೆ ಬರುವುದು ಬಟಾಟೆಯೇ. ಪೋರ್ಚುಗೀಸರಿಂದ ಬಂದ ಹೆಸರು ಕರಾವಳಿಯಲ್ಲಿ ಬೇರೂರಿತು, ಗಿಡ ಬೇರೂರಲಿಲ್ಲ. ಗಡ್ಡೆ ಕಟ್ಟಲು ಬೇಕಾದ ತಂಪು ಈ ಫಲ್ಗುಣಿ ತೀರದಲ್ಲಿಲ್ಲ. ಹಾಗಾಗಿ ಅಂಗಡಿಗೆ ಬರುವುದೆಲ್ಲ ಘಟ್ಟದ ಮೇಲಿನ ಮಾಲು. ಬಂದದ್ದಾದರೂ ಎಲ್ಲ ಮನೆಗಳ ಹೊಸ್ತಿಲನ್ನು ದಾಟುವುದಿಲ್ಲ. 1604ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಊರಿದು. ವ್ರತನಿಷ್ಠರಾದ ಜೈನರಿಗೆ ಕಂದಮೂಲ ವರ್ಜ್ಯ.

ನಾನಂತೂ ನಿವೃತ್ತನಾಗುವವರೆಗೂ ಬಟಾಟೆಗಳಲ್ಲಿ ಭೇದವೆಣಿಸಿದವನಲ್ಲ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು ಅಡುಗೆಮನೆಯ ವಿಜ್ಞಾನವನ್ನು ಕಲಿತದ್ದು 2009ರಲ್ಲಿ, ಅಮ್ಮನಿಗೆ ಪಾರ್ಶ್ವವಾಯು ಬಡಿದ ಮೇಲೆ. ಮಾತು ತೊದಲಿತು, ನುಂಗುವುದು ಕಷ್ಟವಾಯಿತು. ಮೆತ್ತಗಿರುವ, ಗಂಟಲಿಗೆ ಅಂಟದ ಆಹಾರ ಕೊಡಿರೆಂದು ವೈದ್ಯರು ಹೇಳಿದರು. ಅಮ್ಮನಿಗೆ ಮೊದಲಿನಿಂದಲೂ ಬಟಾಟೆ ಗೊಜ್ಜೆಂದರೆ ಪ್ರಾಣ. ಬೇಯಿಸಿ ಹಿಸುಕಿ, ಮಜ್ಜಿಗೆ ಬೆರೆಸಿ, ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಕೊಟ್ಟರಾಯಿತು. ಇದಕ್ಕಿಂತ ಮೆತ್ತಗಿನದು ಯಾವುದಿದೆ ಎಂದುಕೊಂಡೆ.

ಚೌತಿ ಕಳೆದ ದಿನಗಳು. ಅಂಗಡಿಯಲ್ಲಿ ನುಣುಪಾದ, ತೆಳುಸಿಪ್ಪೆಯ ಬಟಾಟೆ ರಾಶಿ ಬಿದ್ದಿತ್ತು. ಚೆಂದ ಕಂಡದ್ದನ್ನೇ ಆರಿಸಿ ತಂದೆ. ಗಂಟಿರಬಾರದೆಂದು ಮಿಕ್ಸಿಗೂ ಹಾಕಿದೆ. ಆದದ್ದು ಗೊಜ್ಜಲ್ಲ, ಪುಸ್ತಕಕ್ಕೆ ರಟ್ಟು ಅಂಟಿಸುವ ಗೋಂದು. ಎರಡನೆಯ ತುತ್ತಿಗೇ ಅಮ್ಮನಿಗೆ ಉಸಿರು ಕಟ್ಟಿದಂತಾಯಿತು. ಬೆನ್ನು ತಟ್ಟಿ, ಬಾಯಿಗೆ ಬೆರಳು ಹಾಕಿ ತೆಗೆದೆವು. ಆ ಒಂದು ನಿಮಿಷವನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಮರುದಿನ ಅಂಗಡಿಯವರಿಗೆ ಹೇಳಿದೆ. ಅವರು ಹೆಬ್ಬೆರಳಿನಿಂದ ಒಂದು ಗಡ್ಡೆಯನ್ನು ಉಜ್ಜಿದರು; ಸಿಪ್ಪೆ ಸುಲಿದು ಬಂತು.

“ಮಾಷ್ಟ್ರೇ, ಇದು ಹಾಸನದ ಹೊಸತು. ಸಾಗುವಿಗೆ ಒಳ್ಳೆಯದು, ತುಂಡು ತುಂಡಾಗಿಯೇ ನಿಲ್ಲುತ್ತದೆ. ಗೊಜ್ಜಿಗೆ ಇದು ಆಗುವುದಿಲ್ಲ. ನೀವು ನನ್ನಲ್ಲಿ ಕೇಳಬಾರದಿತ್ತೇ?”

ಕೇಳಬೇಕಿತ್ತು. ಹಾಸನದಲ್ಲಿ ಮುಂಗಾರಿನ ಮೊದಲ ಮಳೆಗೆ ನೆಟ್ಟು ಮೂರು ತಿಂಗಳಿಗೆಲ್ಲ ಕೀಳುತ್ತಾರೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಎಂಬ ತಳಿ ಅಲ್ಲಿ ದಶಕಗಳಿಂದ ಪ್ರಸಿದ್ಧ. ತಳಿ ಒಂದೇ ಆದರೂ ಎಳೆಯದರಲ್ಲಿ ನೀರು ಹೆಚ್ಚು, ಪಿಷ್ಟ ಕಡಿಮೆ. ಬಲಿತ ಗಡ್ಡೆಯಲ್ಲಿ ಪಿಷ್ಟ ಹೆಚ್ಚು; ಬೆಂದಾಗ ಅದರ ಕಣಗಳು ಉಬ್ಬಿ, ಜೀವಕೋಶಗಳು ಒಂದರಿಂದೊಂದು ಬಿಡಿಸಿಕೊಂಡು ಹಿಟ್ಟುಹಿಟ್ಟಾಗಿ ಉದುರುತ್ತವೆ. ಮಿಕ್ಸಿಯ ಅಲಗು ಆ ಕೋಶಗಳನ್ನೇ ಒಡೆದು ಪಿಷ್ಟವನ್ನು ಹೊರಗೆ ಚೆಲ್ಲುತ್ತದೆ, ಅದೇ ಗೋಂದು. ಮೊದಲ ತಪ್ಪು ಆರಿಸಿದ್ದರಲ್ಲಿ, ಎರಡನೆಯದು ಅರೆದದ್ದರಲ್ಲಿ. ಶೀತಲಗೃಹದಲ್ಲಿ ಬಹುಕಾಲ ಉಳಿದ ಬಟಾಟೆಯೂ ನನಗೆ ಹಿಡಿಸದು. ಚಳಿಗೆ ಪಿಷ್ಟ ಸಕ್ಕರೆಯಾಗಿ ಗೊಜ್ಜಿಗೆ ಬೇಡದ ಸಿಹಿ ಬರುತ್ತದೆ. ಹಸಿರು ತಿರುಗಿದ್ದನ್ನಂತೂ ಮುಟ್ಟಲೇಬಾರದು.

ಅಂಗಡಿಯವರು ಮೂಲೆಯ ಗೋಣಿಯಿಂದ ಒರಟು ಸಿಪ್ಪೆಯ, ಮಾಸಲು ಬಣ್ಣದ, ನೋಡಿದರೆ ಯಾರೂ ಆರಿಸದಂಥ ಗಡ್ಡೆಗಳನ್ನು ತೂಗಿಕೊಟ್ಟರು. ಆದರೂ ಮನಸ್ಸು ನಂಬಲಿಲ್ಲ. ಮೇಷ್ಟ್ರ ಚಟವಲ್ಲವೇ? ಒಂದು ಲೀಟರ್ ನೀರಿಗೆ 100 ಗ್ರಾಂ ಉಪ್ಪಿನಂತೆ ಬಕೆಟಿನಲ್ಲಿ ಕದಡಿ ಹಳೆಯದನ್ನೂ ಹೊಸತನ್ನೂ ಒಟ್ಟಿಗೆ ಹಾಕಿದೆ. ಪಿಷ್ಟ ಹೆಚ್ಚಿದ್ದರೆ ಗಾತ್ರಕ್ಕೆ ತೂಕ ಹೆಚ್ಚು. ಹೊಸತೆಲ್ಲ ತೇಲಿತು, ಹಳೆಯದರಲ್ಲಿ ಎರಡು ಬಿಟ್ಟು ಉಳಿದೆಲ್ಲ ಮುಳುಗಿತು.

ಮುಳುಗಿದ್ದನ್ನು ತೊಳೆದು, ಸಿಪ್ಪೆಸಹಿತ ಇಡಿಯಾಗಿ ಬೇಯಿಸಿದೆ. ಬಿಸಿಯಿರುವಾಗಲೇ ಸುಲಿದು ಕೈಯಲ್ಲಿ ಹಿಸುಕಿದೆ, ಬೆರಳು ಸುಟ್ಟಿತು. ಮಜ್ಜಿಗೆ ಸೇರಿದ ಗೊಜ್ಜು ಚಮಚದಿಂದ ತಾನಾಗಿಯೇ ಜಾರಿತು. ಅಮ್ಮನನ್ನು ನೇರ ಕೂರಿಸಿ ಅರ್ಧರ್ಧ ಚಮಚ ಕೊಟ್ಟೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಅಮ್ಮನ ಗಂಟಲನ್ನೇ ನೋಡುತ್ತಿದ್ದೆವು. ಇಳಿಯಿತು. ಇನ್ನೊಂದು ಚಮಚ, ಅದೂ ಇಳಿಯಿತು.

ಐದಾರು ಚಮಚ ಆದ ಮೇಲೆ ಅಮ್ಮ ಕೈಯೆತ್ತಿ ನನ್ನನ್ನು ತಡೆದರು. ನನ್ನ ಎದೆ ಧಸಕ್ಕೆಂದಿತು. ಅವರು ತುಟಿಗಳನ್ನು ಬಹಳ ಹೊತ್ತು ಹೊಂದಿಸಿಕೊಂಡು, ಆ ತಿಂಗಳಲ್ಲಿ ನಮಗೆ ಸ್ಪಷ್ಟವಾಗಿ ಕೇಳಿಸಿದ ಮೊದಲ ಮಾತನ್ನು ಆಡಿದರು:

“ಉಪ್ಪು ಸಾಲದು.”