ಮಳೆ ಬಂದರೆ ನಿಲ್ಲುವ ಪಾಠ

ಈಗಷ್ಟೇ ಕುಮಟಾ ಹತ್ತಿರದ ಒಂದು ಶಾಲೆಯ ಜಗಲಿಯಲ್ಲಿ ಮಳೆಗೆ ನಿಂತಿದ್ದೆ. ತಗಡಿನ ಮಾಡಿನ ಮೇಲೆ ಮಳೆ ಹೊಡೆದದ್ದೇ ತಡ, ಒಳಗೆ ಅಕ್ಕೋರು ಪಾಠ ಹೇಳುವುದನ್ನು ಬಿಟ್ಟು ಬೋರ್ಡಿನ ಮೇಲೆ ಬರೆಯತೊಡಗಿದರು. ಹಿಂದಿನ ಬೆಂಚಿಗೆ ಏನೂ ಕೇಳುತ್ತಿರಲಿಲ್ಲ. ಹೆಂಚಿನ ಮಾಡಿನಡಿ ಇಷ್ಟು ಗದ್ದಲ ಇರುವುದಿಲ್ಲ, ದಪ್ಪ ಮಣ್ಣಿನ ಹೆಂಚು ತಗಡಿನ ಹಾಗೆ ಅದುರುವುದಿಲ್ಲ.

ಗೋಡೆಯದ್ದೂ ಅದೇ ಕತೆ. ನುಣ್ಣನೆ ಸಿಮೆಂಟು, ಮೇಲೆ ಆಯಿಲ್ ಪೇಂಟು, ಅದರ ಮೇಲೆ ಎಲ್ಲಿಯದೋ ಕಾರ್ಟೂನು. ಸದ್ದು ಹೀರುವ ವಸ್ತು ಒಂದೂ ಇಲ್ಲ. ಸಾಮಾನ್ಯ ಅಳತೆಯ ತರಗತಿಯಲ್ಲಿ ಮಾರ್ದನಿ 0.6 ಸೆಕೆಂಡಿನೊಳಗೆ ಅಡಗಬೇಕು ಎನ್ನುತ್ತದೆ ಅಮೆರಿಕದ ಶಾಲಾ ಮಾನದಂಡ. ನಮ್ಮಲ್ಲಿ ಅದನ್ನು ಅಳೆಯುವವರು ಯಾರು?

ತೆಂಗಿನ ನಾರಿಗೆ ನಮ್ಮಲ್ಲಿ ಬರವಿಲ್ಲ. ನಾರಿನ ಹಲಗೆಗಳನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಕೂರಿಸಿದರೆ ಮಾರ್ದನಿ ತಗ್ಗುತ್ತದೆ. ಅದರ ಮೇಲೆ ದೀವರ ಸಮುದಾಯದ ಹೆಂಗಸರು ಗೋಡೆಗೆ ಬರೆಯುವ ಹಸೆ ಚಿತ್ತಾರ ಬರೆಸಬಾರದೇ? ಚಿತ್ತಾರದ ಹಿನ್ನೆಲೆಗೆ ಬಳಿಯುವ ಕೆಮ್ಮಣ್ಣಿನ ಜಾಗದಲ್ಲಿ ನಾರಿನ ಕಂದು ಬಣ್ಣವೇ ಸಾಕು. ಅಕ್ಕಿಹಿಟ್ಟಿನ ಬಿಳಿ, ಕಪ್ಪಗೆ ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚದಿಂದ ಎಳೆದ ಸಪೂರ ಗೆರೆ. ಆಯಿಲ್ ಪೇಂಟು ಬಳಿದರೆ ನಾರಿನ ರಂಧ್ರವೆಲ್ಲ ಮುಚ್ಚಿ ಸದ್ದು ವಾಪಸ್ ಬರುತ್ತದೆ. ಈ ಗೆರೆಗಳ ನಡುವೆ ರಂಧ್ರ ತೆರೆದೇ ಇರುತ್ತದೆ. ಮದುವೆ ಮನೆಯಲ್ಲಿ ಹಸೆ ಬರೆಯುವ ಹೆಂಗಸರನ್ನೇ ಕರೆಸಬೇಕು, ಪೇಂಟರಿಗೆ ಕೊಡುವಷ್ಟೇ ಕೂಲಿ ಕೊಟ್ಟು.

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಯಾವುದಾದರೂ ಶಾಲೆಯಲ್ಲಿ ಇಂಥದ್ದು ನೋಡಿದ್ದೀರಾ? ಮಾಷ್ಟ್ರುಗಳು, ಎಸ್‌ಡಿಎಂಸಿಯವರು ಇದ್ದರೆ ಹೇಳಿ, ಒಂದು ಕೋಣೆಯಲ್ಲಾದರೂ ಮಾಡಿ ನೋಡೋಣ.