ಜತ್ತದ ಅವ್ವನ ಗುಳಿಗೆ ಡಬ್ಬಿ

ವಿಜಯಪುರದಿಂದ ಜತ್ತಕ್ಕೆ ಹೊರಟರೆ ರಾಜ್ಯ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. ಸಾಂಗ್ಲಿ ಜಿಲ್ಲೆಯ ಈ ಬರದ ಸೀಮೆಯಲ್ಲಿ ಸಂಖ, ಉಮದಿ, ಗುಡ್ಡಾಪುರದ ಕಡೆಯೆಲ್ಲ ಮನೆಮಾತು ಕನ್ನಡವೇ.

ಅಲ್ಲಿ ಪರಿಚಯದ ಅವ್ವನೊಬ್ಬರಿಗೆ ರುಮಟಾಯ್ಡ್ ಸಂಧಿವಾತ. ದೇಹದ ಕಾವಲು ಪಡೆಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ವೈದ್ಯರು ಬರೆದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಲೇರಿಯಾದ ಮದ್ದೆಂದು ಯಾರೋ ಹೇಳಿದ್ದೇ ತಡ, ಡಬ್ಬಿ ಮುಚ್ಚಿಟ್ಟಿದ್ದರು.

“ನನಗೇನು ಚಳಿಜ್ವರ ಐತೇನ್ರಿ ಫಾದರ್?”

“ಅವ್ವಾ, 17ನೇ ಶತಮಾನದಲ್ಲಿ ಪೆರುವಿನಿಂದ ಸಿಂಕೋನಾ ತೊಗಟೆಯನ್ನು ಯುರೋಪಿಗೆ ಒಯ್ದವರು ಯೇಸುಸಭೆಯ ಗುರುಗಳು. ಅದೇ ಜಾಡಿನಲ್ಲಿ ಮುಂದೆ ಇಂಥ ಗುಳಿಗೆಗಳು ಬಂದವು. ಎರಡನೇ ಮಹಾಯುದ್ಧದಲ್ಲಿ ಮಲೇರಿಯಾ ಗುಳಿಗೆ ನುಂಗಿದ ಸೈನಿಕರ ಕೀಲುನೋವೂ ಇಳಿದಿತ್ತಂತೆ. ಗುಣ ಕಾಣಲು ತಿಂಗಳುಗಳೇ ಬೇಕು. ಕಣ್ಣಿನ ತಪಾಸಣೆ ಮಾತ್ರ ತಪ್ಪಿಸಬೇಡಿ.”

ಮುಂದಿನ ಸಲ ಹೋದಾಗ ನೋವು ಪೂರ್ತಿ ಹೋಗಿರಲಿಲ್ಲ. ಆದರೆ ಜೋಳದ ರೊಟ್ಟಿಯನ್ನು ಅವ್ವನೇ ಬಡಿದು ಬಡಿಸಿದರು.