ಹೆಣ್ಣುಮಕ್ಕಳೂ ಗಣಿತವೂ

ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತವು ಸರ್ವರಿಗೂ ಒಂದೇ. ಲಿಖಿತ ಪರೀಕ್ಷೆಗೆ 80 ಅಂಕಗಳು, ಆಂತರಿಕ ಮೌಲ್ಯಮಾಪನಕ್ಕೆ 20. ಸಿ.ಬಿ.ಎಸ್.ಇ. ಮಂಡಲಿಯವರಾದರೋ 2020ರ ಹತ್ತನೆಯ ತರಗತಿಯ ಪರೀಕ್ಷೆಯಿಂದ ‘ಸ್ಟ್ಯಾಂಡರ್ಡ್’, ‘ಬೇಸಿಕ್’ ಎಂಬ ಎರಡು ಬಗೆಯ ಪ್ರಶ್ನಪತ್ರಿಕೆಗಳನ್ನು ಏರ್ಪಡಿಸಿದರು. ಅಂದಿನಿಂದ ಕೆಲವರು ತಾಯಂದಿರು, “ಆ ಸುಲಭದ ಗಣಿತವು ನಮ್ಮ ಹುಡುಗಿಯರಿಗೂ ದೊರೆಯಬಾರದೇ, ಮೇಡಂ?” ಎಂದು ನನ್ನನ್ನು ಕೇಳುವುದುಂಟು. ತಮ್ಮ ಗಂಡುಮಕ್ಕಳಿಗಾಗಿ ಅವರು ಹೀಗೆ ಬೇಡಿದುದನ್ನು ನಾನು ಕೇಳಿಲ್ಲ. ಚೀಟಿಯ ಹಣದ ಲೆಕ್ಕವನ್ನು ಬಾಯಿಲೆಕ್ಕದಲ್ಲಿಯೇ ಒಪ್ಪಿಸಬಲ್ಲ ತಾಯಂದಿರೂ ಇವರಲ್ಲಿರುವರು!

ಆ ಎರಡು ಪತ್ರಿಕೆಗಳಿಗೂ ಪಾಠಭಾಗವು ಒಂದೇ ಆಗಿದ್ದಿತು; ಪ್ರಶ್ನೆಗಳ ಕಾಠಿಣ್ಯವು ಮಾತ್ರ ಬೇರೆ. ಬೇಸಿಕ್ ಎಂಬುದು ಮುಂದೆ ಗಣಿತವನ್ನು ಕಲಿಯಲಿಚ್ಛಿಸದವರಿಗೆಂದೇ ಏರ್ಪಟ್ಟುದು. ಪೋಷಕರು ಇದನ್ನು ಚೆನ್ನಾಗಿ ಆಲೋಚಿಸಬೇಕು. ಸಿ.ಇ.ಟಿ.ಯ ಮೂಲಕ ಇಂಜಿನಿಯರಿಂಗ್ ಸೇರಬೇಕಾದರೆ ಪಿ.ಯು.ಸಿ.ಯಲ್ಲಿ ಗಣಿತವನ್ನು ಓದಿರಲೇಬೇಕು. ಹದಿನೈದು ವರ್ಷದ ಬಾಲಿಕೆಯು ಮುಂದೆ ಏನಾಗಲಿಚ್ಛಿಸುವಳೆಂದು ಈಗಲೇ ನಿಶ್ಚಯಿಸಲು ನೀವಾರು, ನಾನಾರು?

ತ್ರಿಕೋನಮಿತಿಯಲ್ಲಿ ತಡವರಿಸುವ ಹುಡುಗಿಯರನ್ನು ಶಾಲೆ ಬಿಟ್ಟ ಮೇಲೆ ಒಂದು ತಾಸು ನಮ್ಮಲ್ಲಿಯೇ ಇರಗೊಡಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಬಿಡುವುಳ್ಳವರು ಬಂದು ಕಲಿಸುವುದಾದರೆ ಬಹಳ ಉಪಕಾರವಾಗುವುದು; ಕೊಠಡಿಯ ಬೀಗದ ಕೈ ನನ್ನಲ್ಲಿಯೇ ಇದೆ.